ಕಣ್ಣಾಮುಚ್ಚಾಲೆಯ ಪೀರಿಯಡ್ಡು

ಹಾಲು ನೀರಾಗಿದ್ದರೆ ನನಗೆ ಚಿಂತೆಯಿಲ್ಲ, ಕಾರಣ ಗೊತ್ತಿರುತ್ತದೆ. ಗಟ್ಟಿಯಾಗಿದ್ದ ದಿನವೇ ಹಾಲಿನವನು ಏನು ಬೆರೆಸಿರಬಹುದೆಂದು ಲೋಟ ಹಿಡಿದು ಕೂತುಬಿಡುತ್ತೇನೆ. ಕಾಫಿ ಆರುತ್ತದೆ. ಅದನ್ನು ಮತ್ತೆ ಕಾಯಿಸಿಕೊಡಲು ನನ್ನಾಕೆ ಯಾಕೆ ತಕರಾರು ಮಾಡಲಿಲ್ಲ ಎಂಬುದು ಮುಂದಿನ ಅನುಮಾನ.

ಇಂಥವನೆಂದು ಗೊತ್ತಿದ್ದೇ ನಮ್ಮ ಹೆಡ್‌ಮಾಸ್ಟರು ನನ್ನನ್ನು ಆ ಕೆಲಸಕ್ಕೆ ಆರಿಸಿದ್ದು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಪಾಯಗಳೇ ಹೆಚ್ಚು. ನಾನು ಲೆಕ್ಕ ಹೇಳಿಕೊಡುತ್ತಿದ್ದ ಮಿಡ್ಲ್ ಸ್ಕೂಲಿನ ಸುತ್ತ ಸೈಜುಗಲ್ಲಿನ ರಾಶಿ, ಸೂರಿಲ್ಲದ ಗೋಡೆ, ಅದರಾಚೆ ರಾಗಿ ಹೊಲ. ಅಲ್ಲಿಗೆ ಸರೋಜ ಎಂಬ ಹೊಸ ಟೀಚರು ಬಂದರು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಟ್ರೈನಿಂಗಿನಲ್ಲಿ ಮನಃಶಾಸ್ತ್ರ ಓದಿಸುತ್ತಾರೆ. ನಾವೂ ಓದಿದ್ದೆವು, ಪರೀಕ್ಷೆ ಮುಗಿದ ಮಧ್ಯಾಹ್ನವೇ ಮರೆತಿದ್ದೆವು. ಈಕೆ ಮರೆತಿರಲಿಲ್ಲ. ಶುಕ್ರವಾರದ ಕೊನೇ ಪೀರಿಯಡ್ಡಿನಲ್ಲಿ ಮಕ್ಕಳನ್ನು ಬಯಲಿಗೆ ಕರೆದೊಯ್ದು ಕಣ್ಣಾಮುಚ್ಚಾಲೆ ಆಡಿಸುವುದು. ಆಮೇಲೆ ಸುತ್ತ ಕೂರಿಸಿ, ನೀನು ಎಲ್ಲಿ ಅವಿತುಕೊಂಡೆ, ಅಲ್ಲೇ ಯಾಕೆ ಎಂದು ಒಬ್ಬೊಬ್ಬರನ್ನೇ ಕೇಳುವುದು. ಮಕ್ಕಳು ತಮ್ಮನ್ನು ತಾವು ತಿಳಿದುಕೊಳ್ಳಲಿ ಅಂತ.

ತನ್ನನ್ನು ತಾನು ತಿಳಿಯಲು ನಮ್ಮ ಋಷಿಗಳು ಕಾಡಿಗೆ ಹೋದರು, ಮೈಮೇಲೆ ಹುತ್ತ ಬೆಳೆಸಿಕೊಂಡರು. ಅದನ್ನು ಈಕೆ ಬೆಲ್ ಹೊಡೆಯುವುದರೊಳಗೆ ಮುಗಿಸುತ್ತಾರೆಂದರೆ ಯಾರಿಗೆ ಅನುಮಾನ ಬರುವುದಿಲ್ಲ?

ಮಕ್ಕಳ ಅಪ್ಪಂದಿರಿಗೂ ಬಂತು. ಆಟದ ನೆಪದಲ್ಲಿ ಮನೆಯ ಗುಟ್ಟು ಕೆದಕುತ್ತಾರೆ ಎಂದು ಕೆಲವರು ದೂರಿದರು. ಒಬ್ಬರಂತೂ ಇದು ವಶೀಕರಣವೇ ಅಂದರು. ಹೆಡ್‌ಮಾಸ್ಟರು ನನ್ನನ್ನು ಕರೆದು, ಒಂದು ಸಲ ನೋಡಿ ಬನ್ನಿ, ಮನೆ ವಿಷಯ ಬಾಯಿ ಬಿಡಿಸೋದು ನಿಜವಾದರೆ ಪೀರಿಯಡ್ಡೂ ಇಲ್ಲ, ಆಕೆಯ ಕೆಲಸವೂ ಇಲ್ಲ ಅಂದರು.

ಗೊತ್ತಾಗದಂತೆ ನೋಡಬೇಕೆಂದು ಕಲ್ಲಿನ ರಾಶಿಯ ಹಿಂದೆ ನಿಂತೆ. ಅಲ್ಲಿ ಆಗಲೇ ಇಬ್ಬರು ಹುಡುಗಿಯರಿದ್ದರು. "ಸಾರ್, ಇದು ನಮ್ಮ ಜಾಗ" ಅಂತ ಪಿಸುಗುಟ್ಟಿದರು. ಅಷ್ಟರಲ್ಲಿ ಸರೋಜ ನನ್ನನ್ನು ಕಂಡು, ಒಳ್ಳೆಯದೇ ಆಯಿತು, ಮುಂದಿನ ಆಟಕ್ಕೆ ನೀವೇ ಅಜ್ಜಿ ಎಂದು ಕೂರಿಸಿಬಿಟ್ಟರು.

ಅಜ್ಜಿಯೆಂದರೆ ಹುಡುಕುವವರ ಕಣ್ಣು ಮುಚ್ಚಿ ಕೂರುವವರು. ಮಿಕ್ಕವರು ಎಲ್ಲೆಲ್ಲಿ ಅವಿತರೆಂಬುದು ಅಜ್ಜಿಗೆ ಕಾಣುತ್ತದೆ. ಆದರೆ ಬಾಯಿ ಬಿಡುವಂತಿಲ್ಲ. ಪತ್ತೇದಾರನಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ನನ್ನ ಕ್ಲಾಸಿನಲ್ಲಿ ಮಗ್ಗಿ ಕೇಳಿದರೂ ತುಟಿ ಬಿಚ್ಚದ ಗಿರಿಜೆ ಲೈಟು ಕಂಬದ ಹಿಂದೆ ನಿಂತಳು. ಕಂಬ ಸಣ್ಣದು, ಲಂಗ ಎರಡೂ ಕಡೆ ಹಾರುತ್ತಿತ್ತು. ಮೊದಲು ಸಿಕ್ಕಿದ್ದು ಅವಳೇ. ಸುತ್ತ ಕೂತಾಗ, ಅಲ್ಲೇ ಯಾಕೆ ಎಂದು ಸರೋಜ ಕೇಳಿದರು.

"ಬೇಗ ಸಿಗಲಿ ಅಂತ, ಟೀಚರ್. ನಮ್ಮನೇಲಿ ಎಂಟು ಜನ ಮಕ್ಕಳು. ಸಿಗದೆ ಕೂತಿದ್ರೆ ಮರೆತುಬಿಟ್ಟು ಊಟಕ್ಕೆ ಹೋಗ್ತಾರೆ."

ಬಂತು ಮನೆ ವಿಷಯ, ಎಂದು ನನ್ನ ಕಿವಿ ನಿಮಿರಿತು. ಇನ್ನು ಕೆದಕುತ್ತಾರೆ ಎಂದು ಕಾದೆ. ಸರೋಜ ಕೆದಕಲಿಲ್ಲ, ಗಿರಿಜೆಯನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು, ಅಷ್ಟೇ. ಆಮೇಲೆ, ನೀವಾಗಿದ್ದರೆ ಎಲ್ಲಿ ಅವಿತುಕೊಳ್ಳುತ್ತಿದ್ದಿರಿ ಎಂದು ನನ್ನನ್ನೇ ಕೇಳಿದರು. ಹುಡುಕುವವನು ಸದಾ ನನ್ನ ಕಣ್ಣಿಗೆ ಬೀಳುವ ಕಡೆ, ಎಂದೆ. ಯಾರನ್ನೂ ನಂಬಬಾರದಲ್ಲ!

"ಹಂಗಾದ್ರೆ ಅವನಿಗೂ ನೀವು ಕಾಣ್ತೀರಲ್ಲ ಸಾರ್" ಅಂದಳು ಗಿರಿಜೆ.

ಎಲ್ಲ ನಕ್ಕರು. ಇಷ್ಟು ಕಾಲ ನಾನು ಯಾರ ಯಾರ ಮೇಲೆ ಕಣ್ಣಿಟ್ಟಿದ್ದೆನೋ ಅವರೆಲ್ಲ ನನ್ನನ್ನು ಸುಮ್ಮನೆ ನೋಡಿಕೊಂಡೇ ಇದ್ದರೇನೋ ಎಂಬ ಹೊಸ ಅನುಮಾನ ಹತ್ತಿತು.

ಮಾರನೇ ದಿನ ಹೆಡ್‌ಮಾಸ್ಟರು ಬಾಗಿಲು ಮುಚ್ಚಿ, ಏನಾಯಿತೆಂದು ಕೇಳಿದರು. ಟೀಚರು ಯಾರ ಬಾಯನ್ನೂ ಬಿಡಿಸಲಿಲ್ಲ, ಪೀರಿಯಡ್ಡು ಇರಲಿ ಅಂದೆ.

"ಅದು ಸರಿ, ಮಕ್ಕಳು ಏನೇನು ಅಂದ್ವು?"

"ಅದನ್ನ ಹೇಳೋ ಹಾಗಿಲ್ಲ ಸಾರ್. ನಾನು ಅಜ್ಜಿ ಆಗಿದ್ದೆ."

ಅವರು ಕನ್ನಡಕ ತೆಗೆದು ನನ್ನನ್ನು ತುಂಬ ಹೊತ್ತು ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಎದುರಿನಿಂದ ಕಂಡದ್ದು ಮಾತ್ರ ಅದೇ ಮೊದಲು. ಪೀರಿಯಡ್ಡು ಉಳಿಯಿತು, ಸರೋಜರ ಕೆಲಸವೂ ಉಳಿಯಿತು. ನನ್ನ ಮೇಲೆ ಕಣ್ಣಿಡಲು ಯಾರನ್ನು ನೇಮಿಸಿದರೋ ಇನ್ನೂ ತಿಳಿದಿಲ್ಲ. ಯಾರೇ ಆಗಲಿ, ಅವರೂ ಒಂದು ಶುಕ್ರವಾರ ಬಂದು ಅಜ್ಜಿಯಾಗಿ ಕೂತರೆ ಸಾಕು.