ಐದು ದಿನದ ಮಂಗಳವಾರ

ಬಸ್ ಡಿಪೋದಲ್ಲಿ ಅವಳನ್ನು ಎಲ್ಲರೂ ಸರ್ವರಕ್ಕ ಎಂದೇ ಕರೆಯುತ್ತಿದ್ದರು. ಹೊಸದಾಗಿ ಸೇರಿದ ಡ್ರೈವರುಗಳು ಅವಳು ಕ್ಯಾಂಟೀನಿನಲ್ಲಿ ಬಡಿಸುವವಳಿರಬೇಕು ಎಂದುಕೊಂಡು ಮೊದಲ ವಾರ ಅವಳ ಬಳಿ ಕಾಫಿ ಕೇಳುವುದಿತ್ತು. "ಕಾಫಿ ಕೊಡೋ ಸರ್ವರ್ ಆ ಕಡೆ ಇದಾನಪ್ಪ. ನಾನು ಕಾಫಿ ಕುಡಿಯದೇ ಇರೋ ಸರ್ವರ್ ನೋಡ್ಕೊಳ್ಳೋಳು" ಎಂದು ಅವಳು ನಗುತ್ತಿದ್ದಳು.

ಆ ಸರ್ವರ್ ಇದ್ದದ್ದು ಟೈರ್ ಗೋದಾಮಿನ ಹಿಂದೆ, ಕಿಟಕಿಯಿಲ್ಲದ ಕೋಣೆಯಲ್ಲಿ. ಬೀರುವಿನಷ್ಟು ಎತ್ತರದ ಕಬ್ಬಿಣದ ಚೌಕಟ್ಟು, ಅದರೊಳಗೆ ಸದಾ ಗುಂಯ್‌ಗುಡುವ ಎರಡು ಪೆಟ್ಟಿಗೆಗಳು, ಮೂಗಿಗೆ ಅಡರುವ ರಬ್ಬರಿನ ವಾಸನೆ. ಈ ಕಂಪ್ಯೂಟರ್ ಯಂತ್ರದೊಳಗಿದ್ದದ್ದು ಲಿನಕ್ಸ್ ಎಂಬ ವ್ಯವಸ್ಥೆ. ಅದಕ್ಕೆ ಬಣ್ಣದ ಚಿತ್ರಗಳಿಲ್ಲ, ಒತ್ತಲು ಗುಂಡಿಗಳಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಆಜ್ಞೆ ಟೈಪ್ ಮಾಡಬೇಕು. ತಪ್ಪು ಟೈಪ್ ಮಾಡಿದರೆ ಒಂದೇ ಸಾಲಿನಲ್ಲಿ ಬೈಯುತ್ತದೆ, ಸರಿಯಾಗಿ ಟೈಪ್ ಮಾಡಿದರೆ ಏನೂ ಹೇಳುವುದಿಲ್ಲ. ಅವಳ ಗಂಡನ ಊಟದ ಕ್ರಮವೂ ಅದೇ ಆಗಿದ್ದರಿಂದ ಅವಳಿಗೆ ಈ ಯಂತ್ರದ ಸ್ವಭಾವ ಬೇಗ ಹಿಡಿಯಿತು.

ಬೆಳಗಿನ ಜಾವ ನಾಲ್ಕು ಗಂಟೆಗೆ ಸರ್ವರ್ ಎಲ್ಲರ ರಜೆಚೀಟಿ, ವಾರದ ಆಫ್ ಎಲ್ಲವನ್ನೂ ನೋಡಿ, ಮುನ್ನೂರ ನಲವತ್ತು ಡ್ರೈವರ್, ಕಂಡಕ್ಟರುಗಳಲ್ಲಿ ಅವತ್ತು ಯಾರು ಯಾವ ಬಸ್ಸಿಗೆ ಎಂದು ಡ್ಯೂಟಿ ಪಟ್ಟಿ ತಯಾರಿಸುತ್ತಿತ್ತು. ನಾಲ್ಕೂ ಹತ್ತಕ್ಕೆ ಮುಂದಿನ ಕೋಣೆಯ ಪ್ರಿಂಟರ್ ಆ ಪಟ್ಟಿಯನ್ನು ಮುದ್ರಿಸುತ್ತಿತ್ತು. ಐದಕ್ಕೆ ಮೊದಲ ಬಸ್ಸು. ಇದರ ಜೊತೆಗೆ ಹಿಂದಿನ ದಿನದ ದಾಖಲೆಗಳ ನಕಲು ತೆಗೆಯುವುದು, ಯಂತ್ರ ತಾನು ಉಸಿರಾಡಿದ್ದನ್ನೂ ಬಿಡದೆ ಬರೆದಿಡುವ ದಿನಚರಿಯ ಹಳೆಯ ಹಾಳೆಗಳನ್ನು ಕಿತ್ತೆಸೆದು ಜಾಗ ಮಾಡುವುದು, ಹೀಗೆ ಇನ್ನಷ್ಟು ಕೆಲಸಗಳು. ಯಾವ ಹೊತ್ತಿಗೆ ಯಾವುದು ಆಗಬೇಕೆಂದು ಒಂದೊಂದಾಗಿ ಬರೆದು ಯಂತ್ರಕ್ಕೆ ಒಪ್ಪಿಸಿದ್ದವಳು ಸರ್ವರಕ್ಕ.

ಅವಳು ನೇಮಕವಾದದ್ದು ಟೈಪಿಸ್ಟ್ ಎಂದು. ಸರ್ವರ್ ತಂದು ಕೂರಿಸಿದ ಎಂಜಿನಿಯರ್ ಮೂರನೇ ತಿಂಗಳಿಗೇ ಬೇರೆ ಕೆಲಸ ಹಿಡಿದು ಹೋದ. "ನಿಮಗೆ ಟೈಪಿಂಗ್ ಬರುತ್ತಲ್ಲಮ್ಮ, ಸ್ವಲ್ಪ ನೋಡ್ಕೊಳ್ಳಿ" ಎಂದಿದ್ದರು ಆಗಿನ ಮ್ಯಾನೇಜರ್. ಯಂತ್ರದೊಳಗೇ ಇದ್ದ ಕೈಪಿಡಿಯ ಪುಟಗಳನ್ನು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಓದಿ ಅವಳು ಕಲಿತಳು. ಈ ಕೆಲಸಗಳೆಲ್ಲ ಯಾವುದಾದರೂ ಒಂದು ಲಾಗಿನ್ ಹೆಸರಿನಲ್ಲಿ ನಡೆಯಬೇಕು, ಅದಕ್ಕಾಗಿ ಕಚೇರಿಯದ್ದೇ ಒಂದು ಪ್ರತ್ಯೇಕ ಹೆಸರು ಬೇಕು ಎಂದು ಅರ್ಜಿ ಕೊಟ್ಟಳು. "ಸದ್ಯಕ್ಕೆ ನಿಮ್ಮ ಹೆಸರಲ್ಲೇ ಹಾಕ್ಕೊಂಡ್ಬಿಡಿ" ಎಂದರು. ಸದ್ಯಕ್ಕೆ ಎಂದದ್ದಕ್ಕೆ ಹನ್ನೆರಡು ವರ್ಷವಾಯಿತು. ಅಡುಗೆಮನೆಯನ್ನೂ ಅವಳಿಗೆ ಸದ್ಯಕ್ಕೆ ಎಂದೇ ಒಪ್ಪಿಸಿದ್ದರು. ಅದಕ್ಕೆ ಹದಿನೆಂಟು.

ಹೀಗಿರುವಾಗ ಮುಖ್ಯ ಕಚೇರಿಯಿಂದ ಪತ್ರ ಬಂತು. ಡಿಪೋಗೆ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಹುದ್ದೆ ಅಗತ್ಯವಿದೆಯೇ? ಇದ್ದರೆ ಸಮರ್ಥನೆ ಕಳಿಸಿ. ಅವಳು ಅರ್ಜಿ ಹಾಕಲು ಮುಂದಾದಳು. ಹನ್ನೆರಡು ವರ್ಷದಿಂದ ಮಾಡುತ್ತಿದ್ದ ಕೆಲಸಕ್ಕೆ ಒಂದು ಹೆಸರು ಸಿಗಬೇಕು ಎಂಬುದಷ್ಟೇ ಅವಳ ಆಸೆ. ಅರ್ಜಿಯ ಜೊತೆ ತಾನು ಮಾಡುವ ಕೆಲಸಗಳ ಪಟ್ಟಿ ಕೊಡಬೇಕಿತ್ತು. ಭಾನುವಾರ ಕುಕ್ಕರ್ ಕೂಗುವುದರೊಳಗೆ ಊಟದ ಮೇಜಿನ ಮುಂದೆ ಕೂತು ಬರೆದಳು. ನಲವತ್ತೊಂದು ಕೆಲಸಗಳಾದವು.

ಗಂಡ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು, ಕೆಂಪು ಪೆನ್ನಿಲ್ಲದೆ ಯಾವ ಕಾಗದವನ್ನೂ ಓದಲಾರರು. ಹಾಳೆ ತೆಗೆದುಕೊಂಡು, "ಇದೆಲ್ಲ ಮೆಷಿನ್ನೇ ಮಾಡೋದಲ್ವ? ತಾನಾಗೇ ಆಗೋದನ್ನ ನಿನ್ನ ಕೆಲಸ ಅಂತ ಬರೆದ್ರೆ ಯಾರಾದ್ರೂ ಒಪ್ತಾರಾ?" ಎಂದರು.

"ತಾನಾಗೇ ಆಗೋ ಹಾಗೆ ಮಾಡಿದ್ದು ಯಾರ್ರೀ?"

"ಅದು ಒಂದು ಸಲದ ಕೆಲಸ."

ಒಳಗೆ ಮಂಚದ ಮೇಲಿದ್ದ ಅತ್ತೆಗೆ ಕಣ್ಣು ಮಂಜಾಗಿತ್ತೇ ಹೊರತು ಕಿವಿಯಲ್ಲ. "ಹೌದು ಕಣಪ್ಪ, ನಿನ್ನ ಬನಿಯನ್ನು ಕೊಳೆಯಾದ ತಕ್ಷಣ ತಾನಾಗೇ ಎದ್ದು ಹೋಗಿ ಒಗೆಸ್ಕೊಂಡು, ಮಡಚ್ಕೊಂಡು, ಬೀರು ಸೇರುತ್ತೆ. ನಿಮ್ಮಪ್ಪಂದೂ ಹಾಗೇ ಸೇರ್ತಿತ್ತು. ಒಳ್ಳೇ ವಂಶ" ಎಂದರು.

ಮೇಷ್ಟರು ಪೆನ್ನಿನ ಕ್ಯಾಪು ಹಾಕಿದರು.

ಡಿಪೋ ಮ್ಯಾನೇಜರಿಗೆ ಅಂಥ ತಾಯಿ ಇರಲಿಲ್ಲ. ಪಟ್ಟಿ ಓದಿದ ಅವರು ಸರ್ವರ್ ಕೋಣೆಯ ಬಾಗಿಲಲ್ಲಿ ಹತ್ತು ನಿಮಿಷ ನಿಂತು ನೋಡಿದರು. ಯಂತ್ರ ಗುಂಯ್‌ಗುಡುತ್ತಿತ್ತು, ಹಸಿರು ದೀಪಗಳು ಮಿನುಗುತ್ತಿದ್ದವು, ಸರ್ವರಕ್ಕ ಯಾವುದೋ ಹಾಳೆ ಓದುತ್ತ ಕೂತಿದ್ದಳು. ಅವರಿಗೆ ಬೇಕಾದ ಸಾಕ್ಷ್ಯ ಸಿಕ್ಕಿತು. 'ಸದರಿ ಯಂತ್ರವು ತಾನಾಗಿಯೇ ಸುಗಮವಾಗಿ ನಡೆಯುತ್ತಿರುವುದರಿಂದ ಹುದ್ದೆಯ ಅಗತ್ಯ ಕಂಡುಬರುವುದಿಲ್ಲ. ಸದರಿ ಟೈಪಿಸ್ಟರನ್ನು ಕಳೆದುಹೋದ ವಸ್ತುಗಳ ಕೌಂಟರಿನಲ್ಲಿ ಉಪಯುಕ್ತವಾಗಿ ತೊಡಗಿಸಬಹುದು' ಎಂದು ಷರಾ ಬರೆದರು. ಹನ್ನೆರಡು ವರ್ಷ ಒಂದು ದಿನವೂ ಕೆಡದಂತೆ ನೋಡಿಕೊಂಡದ್ದೇ ಅವಳ ಮೇಲಿನ ಆಪಾದನೆಯಾಯಿತು.

ಕೋಣೆ ಬಿಟ್ಟುಕೊಡುವ ನಮೂನೆಯನ್ನು ತಂದವನು ಸಿಬ್ಬಂದಿ ಗುಮಾಸ್ತ. ಅವತ್ತು ಮಂಗಳವಾರ ಸಂಜೆ. ಬೀಗದ ಕೈ, ಕುರ್ಚಿ, ಹಳೇ ಗುರುತಿನ ಚೀಟಿ ಎಲ್ಲದಕ್ಕೂ ಗುರುತು ಹಾಕುತ್ತ ಬಂದು, "ಆರನೇದು, ಲಾಗಿನ್ ರದ್ದು" ಎಂದ.

"ನನ್ನ ಲಾಗಿನ್ ತೆಗೆದ್ರೆ ಅದರಲ್ಲಿರೋ ಕೆಲಸ ಎಲ್ಲಾ ನಿಲ್ಲುತ್ತೆ. ಡ್ಯೂಟಿ ಪಟ್ಟೀನೂ ಬರಲ್ಲ. ಯಾರ ಹೆಸರಿಗೆ ವರ್ಗ ಮಾಡಲಿ ಅಂತ ಹೋದ ವಾರವೇ ಸಾಹೇಬರಿಗೆ ಬರೆದು ಕೊಟ್ಟಿದೀನಿ. ಉತ್ತರ ಬಂದಿಲ್ಲ."

"ಮೇಡಂ, ಇಲ್ಲಿ ರದ್ದಾಗಿದೆ, ಆಗಿಲ್ಲ ಅಂತ ಎರಡೇ ಇರೋದು. ಇವತ್ತೇ ಮುಗಿಸಿ ಅಂದಿದಾರೆ."

"ಯಾರು ರದ್ದು ಮಾಡಬೇಕು?"

ಗುಮಾಸ್ತ ಸುತ್ತ ನೋಡಿದ. ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆ ಕೆಲಸ ಬಲ್ಲವರು ಡಿಪೋದಲ್ಲೇ ಬೇರೆ ಯಾರೂ ಇರಲಿಲ್ಲ. "ನೀವೇ ಮಾಡಿಬಿಡಿ" ಎಂದ.

ಕೆಲಸಗಳ ನಕಲನ್ನು ಅವಳು ಸರ್ವರಿನಲ್ಲೇ ಬೇರೆ ಜಾಗದಲ್ಲಿ ಜೋಪಾನವಾಗಿ ಇಟ್ಟಳು, ಎಲ್ಲಿದೆ ಎಂದು ನಮೂನೆಯ ಬೆನ್ನಿಗೆ ಬರೆದಳು. ಅವನ್ನು ಇನ್ನೊಂದು ಹೆಸರಿಗೆ ವರ್ಗಾಯಿಸಲು ಹತ್ತು ನಿಮಿಷ ಸಾಕಿತ್ತು. ಬೆರಳು ಕೀಲಿಮಣೆಯ ಮೇಲೆ ಒಂದು ಕ್ಷಣ ತಡೆಯಿತು. ಯಾರೂ ಹೇಳದಿದ್ದರೂ ಮಾಡಿಬಿಡುವ ಅಭ್ಯಾಸ ಅದು, ಹದಿನೆಂಟು ವರ್ಷದ್ದು. ಈ ಸಲ ಹೇಳಿದ್ದನ್ನಷ್ಟೇ ಮಾಡಿದಳು. ಒಂದು ಸಾಲು ಟೈಪ್ ಮಾಡಿ ತನ್ನನ್ನು ತಾನೇ ಅಳಿಸಿದಳು. ಯಂತ್ರ ಏನೂ ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಹೊಸ ಪಟ್ಟಿ ತಯಾರಾಗಲಿಲ್ಲ. ಪ್ರಿಂಟರಿಗೆ ಅದೆಲ್ಲ ಗೊತ್ತಿಲ್ಲ, ಇದ್ದ ಕೊನೆಯ ಪಟ್ಟಿಯನ್ನು ಮುದ್ರಿಸಿತು. ಪಾಳಿ ನೋಡುವ ಮೇಲ್ವಿಚಾರಕ, "ತಾರೀಖು ತಪ್ಪು ಬಂದಿದೆ" ಎಂದು ಗೊಣಗುತ್ತ ಮಂಗಳವಾರ ಎಂಬುದನ್ನು ಹೊಡೆದುಹಾಕಿ, ಪೆನ್ನಿನಲ್ಲಿ ಬುಧವಾರ ಎಂದು ಬರೆದು ಬೋರ್ಡಿಗೆ ಅಂಟಿಸಿದ. ಗುರುವಾರವೂ ಹಾಗೇ ಮಾಡಿದ. ಶುಕ್ರವಾರ ಅವನ ಅಕ್ಷರ ಇನ್ನಷ್ಟು ದುಂಡಗಾಗಿತ್ತು.

ಮಂಗಳವಾರ ಆಫ್ ಇದ್ದ ನಲವತ್ತೆಂಟು ಜನಕ್ಕೆ ಬುಧವಾರವೂ ಆಫ್, ಗುರುವಾರವೂ ಆಫ್. ಅವರು ಬೋರ್ಡು ನೋಡಿ, ಪಕ್ಕದವನಿಗೂ ಹೇಳದೆ, ಬೆಕ್ಕಿನ ಹೆಜ್ಜೆಯಲ್ಲಿ ಮನೆಗೆ ನಡೆದರು. ಬುಧವಾರ ಆಫ್ ಇರಬೇಕಾದವರು ಬೈದುಕೊಂಡು ಬಸ್ಸು ಹತ್ತಿದರು. ಶುಕ್ರವಾರ ಮಗಳ ಮದುವೆಗೆಂದು ರಜೆ ಮಂಜೂರಾಗಿದ್ದ ಕಂಡಕ್ಟರನ ಹೆಸರೂ ಪಟ್ಟಿಯಲ್ಲಿತ್ತು. ಅವನು ಜರಿಯಂಚಿನ ಬಟ್ಟೆಯಲ್ಲೇ ಬಂದು ಮೇಲ್ವಿಚಾರಕನ ಮೇಜು ಗುದ್ದಿ ಹೋದ.

ಅದೇ ಶುಕ್ರವಾರ ಮಧ್ಯಾಹ್ನ, ಕೊಡೆಗಳು, ಊಟದ ಡಬ್ಬಿಗಳು ಮತ್ತು ಒಂದು ಜೊತೆ ಕಟ್ಟುಹಲ್ಲಿನ ನಡುವೆ ಕೂತಿದ್ದ ಸರ್ವರಕ್ಕನ ಕೌಂಟರಿಗೆ ಒಬ್ಬ ಹೆಂಗಸು ಬಂದಳು. ಜೊತೆಯಲ್ಲಿ, ತೋಳು ಹಿಡಿಸಿಕೊಂಡ ಡ್ರೈವರ್.

"ಇದು ನಿಮ್ಮ ಡಿಪೋದ ಸಾಮಾನು. ಮೂರು ದಿನದಿಂದ ನಮ್ಮನೇಲಿ ಬಿದ್ದಿದೆ. ವಾಪಸ್ ತಗೊಳ್ಳಿ."

"ಯಾಕಮ್ಮ, ಏನು ತೊಂದರೆ?"

"ದಿನಕ್ಕೆ ಆರು ಸಲ ಕಾಫಿ, ಎರಡು ಸಲ ಕುರುಕಲು ತಿಂಡಿ. ಮೇಲೆ ನಾನು ಪಾತ್ರೆ ತೊಳೆಯೋ ರೀತಿ ತಪ್ಪು ಅಂತ ಪಾಠ ಬೇರೆ. ಸೇವೆ ಮೆಚ್ಚಿ ರಜೆ ಕೊಟ್ಟಿದಾರಂತೆ. ಯಾರಕ್ಕ ಮೆಚ್ಚಿದ್ದು? ಅವರ ಮನೆಗೇ ಕಳಿಸಿ."

ಸರ್ವರಕ್ಕ ನಗು ನುಂಗಿಕೊಂಡು, ಜೀವವಿರುವ ವಸ್ತುಗಳನ್ನು ಈ ಕೌಂಟರಿನಲ್ಲಿ ತೆಗೆದುಕೊಳ್ಳುವುದಿಲ್ಲ ಎಂದಳು.

ಇಷ್ಟರಲ್ಲಿ ಹೊರಗಿನಿಂದ ಒಬ್ಬ ತಜ್ಞನನ್ನು ಕರೆಸಿದ್ದರು. ಅವನು ಬಂದದ್ದು ಗುರುವಾರ. ಯಂತ್ರವನ್ನು ಮೂರು ಸಲ ಆರಿಸಿ ಹೊತ್ತಿಸಿದ. ಆಮೇಲೆ, ತೊಂದರೆ ಎಲ್ಲಿದೆ ಎಂದು ತಿಳಿಯಲು ಪ್ರತಿಯೊಂದನ್ನೂ ವಿವರವಾಗಿ ಬರೆದಿಡು ಎಂದು ಅದಕ್ಕೆ ಅಪ್ಪಣೆ ಕೊಟ್ಟು ಹೋದ. ಯಂತ್ರ ಶ್ರದ್ಧೆಯಿಂದ ಬರೆಯಿತು. ಹಳೆಯ ಹಾಳೆ ಕೀಳುವವರು ಈಗ ಯಾರೂ ಇರಲಿಲ್ಲ. ಶನಿವಾರ ಬೆಳಿಗ್ಗೆ ಡಿಸ್ಕ್ ಕಂಠಮಟ್ಟ ತುಂಬಿ, ಸರ್ವರ್ ಒಂದು ರಜೆಚೀಟಿಯನ್ನೂ ಒಳಗೆ ಬಿಟ್ಟುಕೊಳ್ಳದೆ ನಿಂತಿತು. ಪ್ರಿಂಟರ್ ಮಾತ್ರ ಐದನೇ ಸಲ ಮಂಗಳವಾರವನ್ನು ಹೊರಗೆ ತಳ್ಳಿತು. ಬಿಡುವೇ ಸಿಗದ ಕಂಡಕ್ಟರುಗಳು, ಹೆಂಗಸರೇ ಮುಂದಾಗಿ, ಡಿಪೋ ಗೇಟಿನಲ್ಲಿ ಕೂತರು. ಐದು ಗಂಟೆಯ ಬಸ್ಸು ಒಂಬತ್ತಕ್ಕೆ ಹೊರಟಿತು.

ಹತ್ತು ಗಂಟೆಗೆ ಮ್ಯಾನೇಜರ್ ತಾವೇ ಕೌಂಟರಿಗೆ ಬಂದರು.

"ಏನು ಕಳ್ಕೊಂಡಿದೀರಿ ಸಾರ್?" ಎಂದು ಸರ್ವರಕ್ಕ ಪುಸ್ತಕ ತೆರೆದಳು.

"ತಮಾಷೆ ಬೇಡ ಮೇಡಂ. ನಿಮ್ಮ ಲಾಗಿನ್ ವಾಪಸ್ ಕೊಡ್ತೀವಿ."

"ಪೋಸ್ಟು?"

"ಪೋಸ್ಟ್ ಬೇರೆ ವಿಷಯ. ನೀವು ಇಲ್ಲೇ ಕೂತಿರಿ, ಮಧ್ಯೆ ಬಿಡುವಾದಾಗ ಅದನ್ನೂ ಸ್ವಲ್ಪ ನೋಡ್ಕೊಳ್ಳಿ. ಎಷ್ಟು ಹೊತ್ತಿನ ಕೆಲಸ ಅದು?"

ಗೇಟಿನಲ್ಲಿ ಕೂತವರ ಮೇಲೆ ಅವಳಿಗೆ ಕನಿಕರವಿತ್ತು. ಈ ಮನುಷ್ಯನ ಮೇಲೆ ಇರಲಿಲ್ಲ. ಪುಸ್ತಕ ಮುಚ್ಚಿ ಹೇಳಿದಳು: "ಇವತ್ತು ಒಂದು ಸಲ ಸರಿ ಮಾಡಿ ಕೊಡ್ತೀನಿ. ಬರೆದು ಕೊಡಿ. ಆದ್ರೆ ನನ್ನ ಹೆಸರಲ್ಲಿ ಬೇಡ ಸಾರ್. ಡಿಪೋ ನಿಮ್ಮದು. ಎಲ್ಲಾ ನಿಮ್ಮ ಹೆಸರಲ್ಲೇ ನಡೀಲಿ."

ಮ್ಯಾನೇಜರಿಗೆ ಈ ಮಾತು ಹಿಡಿಸಿತು. ಹೆಸರು ತಮ್ಮದಾಗುವುದಕ್ಕೆ ಅವರು ಎಂದೂ ಬೇಡ ಎಂದವರಲ್ಲ. ಅಲ್ಲೇ ಬರೆದು ಸಹಿ ಹಾಕಿದರು. ಅವಳು ಹೋಗಿ ತಜ್ಞ ಯಂತ್ರದಿಂದ ಬರೆಸಿದ್ದನ್ನೆಲ್ಲ ಗುಡಿಸಿದಳು, ಜೋಪಾನವಾಗಿಟ್ಟಿದ್ದ ಕೆಲಸಗಳನ್ನು ಮ್ಯಾನೇಜರರ ಲಾಗಿನ್ನಿಗೆ ತುಂಬಿದಳು, ಅರ್ಧ ಗಂಟೆಯಲ್ಲಿ ಕೌಂಟರಿಗೆ ಮರಳಿದಳು. ಭಾನುವಾರ ಎಲ್ಲರಿಗೂ ಭಾನುವಾರವಾಗಿಯೇ ಬಂತು.

ಮ್ಯಾನೇಜರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಈ ಯಂತ್ರ ಕೆಲಸ ಮಾಡುವಾಗ ಎಲ್ಲಿ ಎಡವಿದರೂ, ಆ ಕೆಲಸ ಯಾರ ಹೆಸರಿನಲ್ಲಿದೆಯೋ ಅವರಿಗೆ ಪತ್ರ ಬರೆಯುತ್ತದೆ. ದಿನಕ್ಕೆ ಮೂವತ್ತು ನಲವತ್ತು ಪತ್ರ. ಹನ್ನೆರಡು ವರ್ಷ ಅವನ್ನು ಸರ್ವರಕ್ಕ ಬಸ್ಸಿನಲ್ಲಿ ನಿಂತು ಓದಿ, ಕಚೇರಿ ತಲುಪುವುದರೊಳಗೆ ಯಾವುದಕ್ಕೆ ಮೊದಲು ಕೈ ಹಾಕಬೇಕೆಂದು ಗೊತ್ತುಮಾಡಿಕೊಳ್ಳುತ್ತಿದ್ದಳು. ಈಗ ಅವು ಮ್ಯಾನೇಜರರ ಫೋನಿಗೆ, ನಾಲ್ಕು ಗಂಟೆಯಿಂದ, ಟಿಣ್ ಟಿಣ್ ಎಂದು ಬರತೊಡಗಿದವು. ನಕಲು ಅಪೂರ್ಣ. ಡಿಸ್ಕ್ ನೂರಕ್ಕೆ ತೊಂಬತ್ತೊಂದು ಭಾಗ ತುಂಬಿದೆ. ಡ್ರೈವರ್ ಸಂಖ್ಯೆ ಇನ್ನೂರ ಹನ್ನೆರಡು ಒಂದೇ ಹೊತ್ತಿಗೆ ಎರಡು ಬಸ್ಸಿನಲ್ಲಿದ್ದಾನೆ.

ಮೂರನೇ ದಿನ ಅವರ ಹೆಂಡತಿ ಹೊದಿಕೆಯೊಳಗಿಂದಲೇ, "ಆ ಮೆಷಿನ್ನು ನಿಮ್ಮನ್ನೇ ಯಾಕೆ ಎಬ್ಬಿಸುತ್ತೆ?" ಎಂದು ಕೇಳಿದರು.

"ನನ್ನ ಹೆಸರಲ್ಲಿದೆ."

"ಮೊದಲು ಯಾರನ್ನ ಎಬ್ಬಿಸ್ತಿತ್ತು?"

ಮ್ಯಾನೇಜರ್ ಫೋನನ್ನು ದಿಂಬಿನ ಕೆಳಗೆ ತಳ್ಳಿದರು.

ಐದನೇ ದಿನ ಅವರು ಕೌಂಟರಿಗೆ ಫೋನ್ ಮಾಡಿದರು. "ಈ ತೊಂಬತ್ತೊಂದು ಭಾಗಕ್ಕೆ ಏನು ಮಾಡಬೇಕು ಮೇಡಂ?"

"ಅದು ನನ್ನ ಕೆಲಸದಲ್ಲಿ ಬರಲ್ಲ ಸಾರ್. ಕೊಡೆ ಏನಾದ್ರೂ ಕಳೆದಿದ್ರೆ ಬಣ್ಣ ಹೇಳಿ, ಹುಡುಕ್ತೀನಿ."

ಹನ್ನೊಂದನೇ ದಿನ ಇನ್ನೂರ ಹನ್ನೆರಡನೇ ಸಂಖ್ಯೆಯ ಡ್ರೈವರ್ ಎರಡು ಬಸ್ಸುಗಳಲ್ಲಿ ಒಂದನ್ನು ಆರಿಸಿಕೊಂಡ. ಇನ್ನೊಂದು ನಿಂತೇ ಇತ್ತು, ಅರವತ್ತು ಜನರೊಂದಿಗೆ. ಎಚ್ಚರಿಕೆ ಯಾರಿಗೆ ಹೋಗಿತ್ತು ಎಂದು ಮುಖ್ಯ ಕಚೇರಿ ಕೇಳಿತು. ಮ್ಯಾನೇಜರರ ಹೆಸರಿಗೆ, ಆರು ಸಲ ಹೋಗಿತ್ತು.

ಅವತ್ತು ಮಧ್ಯಾಹ್ನವೇ ಅವರು ಹುದ್ದೆಯ ಅಗತ್ಯದ ಬಗ್ಗೆ ನಾಲ್ಕು ಪುಟದ ಸಮರ್ಥನೆ ಬರೆದರು. ಸರ್ವರಕ್ಕನ ನಲವತ್ತೊಂದು ಕೆಲಸಗಳ ಪಟ್ಟಿಯನ್ನು ಒಂದಕ್ಷರವೂ ಬಿಡದೆ ಲಗತ್ತಿಸಿದರು. ನಲವತ್ತೆರಡನೆಯದನ್ನು ತಮ್ಮ ಕೈಯಾರೆ ಸೇರಿಸಿದರು: 'ಯಂತ್ರದ ಪತ್ರಗಳನ್ನು ಪ್ರತಿದಿನ ಓದುವುದು.'

ಆರು ವಾರಕ್ಕೆ ಆದೇಶ ಬಂತು. ಸಿಸ್ಟಂ ಅಡ್ಮಿನಿಸ್ಟ್ರೇಟರ್. ತಂದವನು ಅದೇ ಸಿಬ್ಬಂದಿ ಗುಮಾಸ್ತ. ಕೊನೆಯ ಸಾಲಿನಲ್ಲಿ, ಹಿಂದಿನ ಹನ್ನೆರಡು ವರ್ಷಗಳನ್ನು ಸದರಿ ಹುದ್ದೆಯ ಸೇವೆಯೆಂದು ಪರಿಗಣಿಸತಕ್ಕದ್ದಲ್ಲ ಎಂದಿತ್ತು. ಸರ್ವರಕ್ಕ ಎರಡು ಸಲ ಓದಿದಳು. ಸ್ವೀಕರಿಸಿದ್ದೇನೆ ಎಂದು ಸಹಿ ಹಾಕಿದಳು. ಅದರ ಕೆಳಗೆ, ಕೊನೆಯ ಸಾಲಿಗೆ ನನ್ನ ಒಪ್ಪಿಗೆಯಿಲ್ಲ, ಮೇಲ್ಮನವಿ ಸಲ್ಲಿಸುತ್ತೇನೆ ಎಂದು ಬರೆದು ಇನ್ನೊಂದು ಸಹಿ ಹಾಕಿದಳು.

"ಸಿಕ್ಕಿತಲ್ಲ ಮೇಡಂ, ಇನ್ನೂ ಯಾಕೆ?" ಎಂದ ಗುಮಾಸ್ತ.

"ಸಿಕ್ಕಿದ್ದಕ್ಕೆ ಮೇಲಿನ ಸಹಿ. ಸಿಗದೇ ಇರೋದಕ್ಕೆ ಕೆಳಗಿಂದು."

ಅವನು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ, ಎರಡೂ ಸಹಿ ಒಂದೇ ಕೈಯದ್ದೆಂದು ಖಚಿತಪಡಿಸಿಕೊಂಡು, ನಕಲು ತೆಗೆಸಲು ಹೋದ.