ಬಸ್ಸಿನಲ್ಲಿ ಸುತ್ತು ಹೊಡೆದ ಬಾಗಿನ

ಚನ್ನಪಟ್ಟಣದಲ್ಲಿ ಕೂತು ಸೌರಮಂಡಲವನ್ನೇ ಕೆಡಿಸಿದವನು ನಾನು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದ ಗೊಂಬೆ ಕೆಲಸದವನ ಕೈಗೆ ಗ್ರಹಗಳನ್ನು ಕೊಟ್ಟರೆ ಇನ್ನೇನಾದೀತು? ಮೇಷ್ಟ್ರೊಬ್ಬರು ಮಕ್ಕಳಿಗೆಂದು ಮರದ ಗ್ರಹಗಳನ್ನು ಮಾಡಿಸಲು ಬಂದಿದ್ದರು. ಕಡೆದೆ, ಅರಗಿನ ಬಣ್ಣ ಕೊಟ್ಟೆ, ಮಣಿ ಪೋಣಿಸಿದ ಅಭ್ಯಾಸದಲ್ಲಿ ಎಲ್ಲವನ್ನೂ ಒಂದೇ ಕಡ್ಡಿಗೆ ಒತ್ತೊತ್ತಾಗಿ ಪೋಣಿಸಿಬಿಟ್ಟೆ.

"ಇವೇನಪ್ಪ, ಬಸ್ ಸ್ಟ್ಯಾಂಡಲ್ಲಿ ಕ್ಯೂ ನಿಂತವಾ?" ಎಂದರು ಮೇಷ್ಟ್ರು.

ನೆಪ್ಚೂನಿಗಿಂತ ಬಲು ಆಚೆ ಸುತ್ತುವ ಸೆಡ್ನಾ ಎಂಬ ಕುಬ್ಜ ಗ್ರಹದ ಪುಟ್ಟ ಕೆಂಪು ಮಣಿಯನ್ನಂತೂ ನೆಪ್ಚೂನಿನ ಪಕ್ಕಕ್ಕೇ ತಳ್ಳಿದ್ದೆ. ನೆಪ್ಚೂನನ್ನು ಸೂರ್ಯನಿಂದ ಒಂದು ಮೊಳ ದೂರ ಇಟ್ಟರೆ, ಸೆಡ್ನಾ ಹತ್ತಿರ ಬಂದಾಗಲೇ ಎರಡೂವರೆ ಮೊಳವಂತೆ. ದೂರ ಹೋದಾಗ ಮೂವತ್ತು ಮೊಳ ದಾಟುತ್ತದಂತೆ. ಅಂದರೆ ನನ್ನ ಅಂಗಡಿ ಬಿಟ್ಟು, ರಸ್ತೆ ದಾಟಿ, ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ. ಒಂದು ಸುತ್ತಿಗೆ ಹನ್ನೊಂದು ಸಾವಿರ ವರ್ಷದ ಆಸುಪಾಸು. ಆಕಾಶದಲ್ಲೂ ಇಂಥ ಸೋಮಾರಿಗಳಿದ್ದಾರಲ್ಲ ಎಂದು ನಗಲು ಹೊರಟೆ. ಗುಡೇಮಾರನಹಳ್ಳಿಯ ನಮ್ಮಕ್ಕ ನೆನಪಾಗಿ ನಗು ಅರ್ಧಕ್ಕೇ ನಿಂತಿತು.

ಗೌರಿ ಹಬ್ಬಕ್ಕೆ ಅವಳಿಗೆ ತವರಿನ ಬಾಗಿನ ಒಯ್ಯಬೇಕಾದವನು ನಾನೊಬ್ಬನೇ ತಮ್ಮ. ಒಂದು ವರ್ಷ ಕೆಲಸ ಜಾಸ್ತಿ ಎಂದು ಬಾಗಿನದ ಮೊರವನ್ನು ಬಸ್ ಡ್ರೈವರ್ ಕೈಗೆ ಕೊಟ್ಟು ಕಳಿಸಿದೆ. ಮರುವರ್ಷ, ಹೋದ ಸಲ ಹೋಗಲಿಲ್ಲವಲ್ಲ ಎಂಬ ನಾಚಿಕೆಗೆ ಹೋಗಲಿಲ್ಲ. ಅದರ ಮರುವರ್ಷ ನಾಚಿಕೆ ಎರಡರಷ್ಟಾಗಿತ್ತು. ಮೊರ ಮಾತ್ರ ಪ್ರತಿ ಸಲ ಬಸ್ಸಿನಲ್ಲೇ ಹೋಯಿತು. ರಸ್ತೆ ಮಾಡುವವರು ಒಂದು ಮೈಲಿಗಲ್ಲನ್ನೂ ಕದಲಿಸದಿದ್ದರೂ, ಎರಡು ಗಂಟೆಯ ದಾರಿ ವರ್ಷವರ್ಷವೂ ಉದ್ದವಾಗುತ್ತ ಹೋಯಿತು.

ಮೇಷ್ಟ್ರು ಬಂದುಹೋದ ವಾರವೇ ಹಬ್ಬ. ಆದರೂ ಬುದ್ಧಿ ಬರಲಿಲ್ಲ. ಮತ್ತೆ ಡ್ರೈವರ್ ಕೈಗೇ ಕೊಟ್ಟೆ. ಸಂಜೆ ಅದೇ ಬಸ್ಸಿನಲ್ಲಿ, ಕಟ್ಟಿದ ದಾರವೂ ಬಿಚ್ಚದೆ, ಮೊರ ವಾಪಸ್ಸು ಬಂತು.

"ನಿಮ್ಮಕ್ಕ ಈಸ್ಕೊಳ್ಳಿಲ್ಲ ಕಣಣ್ಣ. ಮೊರಕ್ಕೇ ದಾರಿ ಗೊತ್ತೈತೆ, ನನ್ ತಮ್ಮಂಗೆ ಗೊತ್ತಿಲ್ವಾ ಅಂತ ಉಗುದ್ರು. ನನ್ ಮ್ಯಾಲೂ ಒಸಿ ಬಿತ್ತು."

ಬಾಗಿನ ಹಿಂದಕ್ಕೆ ಬಂತೆಂದರೆ ತವರಿನ ನಂಟೇ ಕಡಿದಂತೆ. ಬೆಳಿಗ್ಗೆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಬಸ್ಸಿನಲ್ಲಿ ಕೂತೆ.

ಅಕ್ಕ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ಬರದೆ ಸೆಡ್ನಾದ ಕಥೆ ಒದರಿದೆ, ಅದಕ್ಕಿಂತ ನಾನೇ ಎಷ್ಟೋ ವಾಸಿ ಎಂಬ ಧಾಟಿಯಲ್ಲಿ.

"ಅದುಕ್ಕೆ ಅಕ್ಕ ಇಲ್ಲ ಕಣ್ಲಾ, ಎಲ್ಲಾರ ಸುತ್ಕೊಂಡಿರ್ಲಿ. ನಿಂಗೇನ್ಲಾ ಬಂದಿತ್ತು ರೋಗ?"

ಅಷ್ಟು ಹೇಳಿ ಕೈಚಾಚಿ ಮೊರ ಈಸಿಕೊಂಡಳು. ದಾರ ಬಿಚ್ಚಿದಳು. "ಬಾಳೆಹಣ್ಣೆಲ್ಲ ಜಜ್ಜೋಗೈತೆ. ಕೈಕಾಲ್ ತೊಳ್ಕೊ, ಉಣ್ಣೀವಂತೆ."

ಮೇಷ್ಟ್ರಿಗೆ ಹೊಸದಾಗಿ ಮಾಡಿಕೊಟ್ಟಾಗ ಸೆಡ್ನಾವನ್ನು ಕಡ್ಡಿಗೆ ಪೋಣಿಸಲಿಲ್ಲ. ಟೀ ಅಂಗಡಿ ಮುಟ್ಟುವಷ್ಟು ದಾರ ಕಟ್ಟಿ ಬಿಟ್ಟೆ. ಎಷ್ಟು ದೂರ ಹೋದರೂ ಅದರ ಇನ್ನೊಂದು ಕೊನೆ ಸೂರ್ಯನ ಕೈಯಲ್ಲೇ ಇರುತ್ತದಂತೆ. ನನ್ನ ದಾರದ ಕೊನೆ ಗುಡೇಮಾರನಹಳ್ಳಿಯಲ್ಲಿದೆ. ಅಲ್ಲಿಯವಳು ಎಳೆಯುವ ಮುಂಚೆ ಬೈಯುತ್ತಾಳೆ, ಅಷ್ಟೆ.