ಲೀಲಕ್ಕ ಕುಟ್ಟಿ ನೋಡಿದ ಕಂಬಗಳು

ಯಾರ ಮನೆಗೆ ಹೋದರೂ ಲೀಲಕ್ಕ ಮೊದಲು ಮಾತಾಡಿಸುತ್ತಿದ್ದದ್ದು ಕಂಬವನ್ನು. ಚಪ್ಪಲಿ ಕಳಚಿ ಜಗಲಿ ಹತ್ತಿ, ಬೆರಳಿನ ಗೆಣ್ಣಿನಿಂದ ಕಂಬಕ್ಕೆ ಕುಟ್ಟಿ, ಕಿವಿ ಇಟ್ಟು ಕೇಳುತ್ತಿದ್ದರು. ಮನೆಯವರ ಕ್ಷೇಮ ಸಮಾಚಾರವೆಲ್ಲ ಆಮೇಲೆ. "ಹಲಸು ಮಾರಾಯ್ತಿ! ನಮ್ಮನ್ನೆಲ್ಲ ಸುಟ್ಟ ಮೇಲೂ ಇದು ನಿಲ್ತದೆ" ಎಂದು ನನ್ನತ್ತ ತಿರುಗಿ ಹೇಳುವಾಗ ಮನೆಯವರು ಬಾಗಿಲಲ್ಲಿ ಪೆಚ್ಚಾಗಿ ನಿಂತಿರುತ್ತಿದ್ದರು.

ಪುತ್ತೂರಿನ ದರ್ಬೆಯಲ್ಲಿ ನಮ್ಮದು ಅಕ್ಕಪಕ್ಕದ ಮನೆ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ಹಳೆಯ ಮನೆಗಳನ್ನು ಉಳಿಸುವ ಹುಚ್ಚು ಹಿಡಿಯಿತು. ಪುತ್ತೂರು, ಸುಳ್ಯ, ಕಡಬ ಎಲ್ಲಿ ಮನೆ ಕೆಡವುತ್ತಾರೆಂದು ಸುದ್ದಿ ಬಂದರೂ ನನ್ನ ಸ್ಕೂಟರಿನ ಹಿಂದೆ ಹಾಜರು. ಹೆಸರಿಗೆ ನಮ್ಮದೊಂದು ಸಣ್ಣ ಗುಂಪಿತ್ತು. ಬೇಡುವುದು, ಬಯ್ಯುವುದು, ಜಗಳ ಕಾಯುವುದು ಎಲ್ಲ ಅವರೊಬ್ಬರದೇ.

ಕುಂಬ್ರದ ಮೊಯ್ದಿನ್ ಹಾಜಿ ಹೊಸ ಮನೆ ಕಟ್ಟಿಸಿ, ಅಂಗಳ ಅಗಲ ಮಾಡಲು ಅಜ್ಜನ ಕಾಲದ ಮನೆ ತೆಗೆಸಲು ಹೊರಟಿದ್ದರು. ಲೀಲಕ್ಕ ಆ ಮನೆಯ ಜಗಲಿಯಲ್ಲೇ ಕೂತುಬಿಟ್ಟರು. "ಹೊಸತು ಕಟ್ಟಿ ಹಾಜಿಯವರೇ, ಬೇಡ ಹೇಳಿದ್ದು ಯಾರು? ಕಾರು ತಿರುಗಿಸ್ಲಿಕ್ಕೆ ಅಂತ ಮನೆ ಕೆಡವುದಾ? ಕಾರನ್ನು ಆಚೆ ತಿರುಗಿಸಿ!"

ಹಾಜಿ ನಕ್ಕುಬಿಟ್ಟರು. "ನಿಮ್ಮ ಬಾಯಿಗೆ ಹೆದರಿ ಬಿಡುದು ಅಕ್ಕ." ಆ ಮನೆ ಉಳಿಯಿತು.

ತನ್ನದೇ ಮನೆ ಉಳಿಸಿಕೊಳ್ಳಲು ಅವರಿಂದ ಆಗಲಿಲ್ಲ. ಆಲಂಕಾರಿನ ಹತ್ತಿರ ಅವರ ತಾಯಿಯ ಕಡೆಯ ತರವಾಡು ಮನೆ, ಇಡೀ ಕುಟುಂಬದ ಮೂಲಮನೆ. ಅಲ್ಲಿನ ಚಾವಡಿಯಲ್ಲಿ ಕುಟುಂಬದ ದೈವದ ಕೋಣೆ, ಅದರೆದುರು ಕೆತ್ತನೆಯ ಕಂಬಗಳು. ಆ ಕಂಬಗಳನ್ನು ಹಿಡಿದೇ ಲೀಲಕ್ಕ ನಡೆಯಲು ಕಲಿತದ್ದಂತೆ. ಮನೆ ಕೆಡವಬೇಕೆಂದು ಕುಟುಂಬದಲ್ಲಿ ಮಾತು ಎದ್ದಾಗ ಅವರು ಒಬ್ಬೊಬ್ಬರಿಗೂ ಫೋನು ಮಾಡಿ ಅತ್ತರು. ಯಾರೂ ಬಗ್ಗಲಿಲ್ಲ. ಕೊನೆಗೆ ಅವರೇ ಒಂದು ಉಪಾಯ ಹೂಡಿದರು. "ಜೋಯಿಸರನ್ನು ಕರೆಸಿ ಅಷ್ಟಮಂಗಲ ಪ್ರಶ್ನೆ ಇಡಿಸುವ. ನನ್ನ ಮಾತು ಬೇಡ, ದೈವದ್ದು ಕೇಳದೆ ಉಂಟಾ? ಎಷ್ಟು ತಲೆಮಾರು ಕೂತ ಜಾಗ ಬಿಟ್ಟು ದೈವ ಏಳ್ತದಾ?" ನನಗೂ ಅದು ಸರಿಯೆಂದೇ ಕಂಡಿತು.

ಕುಟುಂಬದವರೆಲ್ಲ ಚಾವಡಿಯಲ್ಲಿ ಸೇರಿದರು. ಜೋಯಿಸರು ಕವಡೆ ಸರಿಸಿ, ವೀಳ್ಯದೆಲೆ ನೋಡಿ ಹೇಳಿದರು: "ದೈವಕ್ಕೆ ಅಸಮಾಧಾನ ಉಂಟು. ಚಾವಡಿ ಜೀರ್ಣ ಆಗಿದೆ. ಪೂರ್ತಿ ಬಿಚ್ಚಿ ಹೊಸತು ಕಟ್ಟಬೇಕು."

ಲೀಲಕ್ಕ ಎದ್ದು ನಿಂತರು. "ದುರಸ್ತಿ ಸಾಕಾಗುದಿಲ್ವಾ? ಕಂಬ ಗಟ್ಟಿ ಉಂಟು, ಬೇಕಾದರೆ ಕುಟ್ಟಿ ನೋಡಿ" ಎನ್ನುತ್ತಾ ತಾವೇ ಹೋಗಿ ಕುಟ್ಟತೊಡಗಿದರು. ಕೆಲವರು ನಕ್ಕರು. ಮನೆಯ ಯಜಮಾನ, ಲೀಲಕ್ಕನ ತಮ್ಮ ಜಗನ್ನಾಥಣ್ಣ, ಮೆತ್ತಗೆ ಹೇಳಿದರು: "ಪ್ರಶ್ನೆ ಇಡಿಸಿದ್ದು ನೀನೇ ಅಲ್ವಾ ಅಕ್ಕ? ಈಗ ಬೇಡ ಹೇಳಿದರೆ ದೈವಕ್ಕೆ ಬೆನ್ನು ಹಾಕಿದ ಹಾಗೆ."

ಕಂಬಗಳನ್ನಾದರೂ ಹೊಸ ಚಾವಡಿಗೆ ಬಳಸಿ ಎಂದು ಲೀಲಕ್ಕ ತಮ್ಮನ ಕಾಲು ಹಿಡಿಯಲೂ ಬಗ್ಗಿದರು. ಹೊಸದಕ್ಕೆ ಹಳೆಯ ಮರ ಕೂಡದು ಎಂದರಂತೆ ಜಗನ್ನಾಥಣ್ಣ. ಕಂಬಗಳು ಲಾರಿ ಹತ್ತಿ ಹೋದವು.

ಹೊಸ ಚಾವಡಿಯ ಪ್ರವೇಶದ ದಿನ ನಾನೇ ಅವರನ್ನು ಕರೆದುಕೊಂಡು ಹೋಗಿದ್ದೆ. ಸಿಮೆಂಟಿನ ಕಂಬ, ಅದಕ್ಕೆ ಮರದ ಬಣ್ಣ. ಊಟಕ್ಕೆ ಮೊದಲು ಮೈಕಿನಲ್ಲಿ ಲೀಲಕ್ಕನ ಹೆಸರು ಕೂಗಿದರು. "ಇಷ್ಟು ದೊಡ್ಡ ಕೆಲಸಕ್ಕೆ ಮೊದಲು ಮನಸ್ಸು ಮಾಡಿದವರು" ಎಂದು ಶಾಲು ಹೊದೆಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಲೀಲಕ್ಕ ಪಕ್ಕದ ಕಂಬಕ್ಕೊಮ್ಮೆ ಕುಟ್ಟಿ ನನ್ನನ್ನು ನೋಡಿದರು. ಆ ಮುಖ ನೋಡಲು ನನ್ನಿಂದಾಗಲಿಲ್ಲ.

ವಾಪಸು ಬರುವಾಗ ದರ್ಬೆ ಬಂದರೂ ಲೀಲಕ್ಕ ಸ್ಕೂಟರಿನಿಂದ ಇಳಿಯಲಿಲ್ಲ. "ಕುಂಬ್ರಕ್ಕೆ ಬಿಡು" ಎಂದರು. ಹಾಜಿಯವರ ಹಳೆಯ ಮನೆಯ ಜಗಲಿ ಹತ್ತಿ ಕಂಬಕ್ಕೆ ಕುಟ್ಟಿದರು, ಕಿವಿ ಇಟ್ಟರು, ಅದನ್ನೇ ತಬ್ಬಿಕೊಂಡು ಗೋಳೋ ಎಂದು ಅತ್ತರು. "ನಾನೇ ಕೆಡವಿದ್ದು ಮಾರಾಯ್ತಿ. ಅವರಲ್ಲ, ನಾನೇ." ಹಾಜಿಯವರ ಹೆಂಡತಿ ನೀರು ತಂದು ಪಕ್ಕದಲ್ಲಿ ಕೂತರು. ಲೀಲಕ್ಕ ಆ ಶಾಲಿನಲ್ಲೇ ಮುಖ ಒರೆಸಿಕೊಂಡರು.

ಮತ್ತೆ ಅವರು ಯಾವ ಮನೆಗೂ ಬರಲಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲೇ ತೀರಿಕೊಂಡರು.

ನಿನ್ನೆ ರಾತ್ರಿ ಸುಳ್ಯದ ಕಡೆಯಿಂದ ಫೋನು. "ಹಳೆ ಮನೆ ಕೆಡವ್ಲಿಕ್ಕೆ ನಾಳೆ ಜೆಸಿಬಿ ಬರ್ತದೆ. ನನ್ನ ಮಾತು ಇಲ್ಲಿ ಯಾರೂ ಕೇಳುದಿಲ್ಲ. ನಿಮ್ಮ ಆ ಬಯ್ಯುವ ಅಕ್ಕನನ್ನು ಒಮ್ಮೆ ಕಳಿಸಿ ಮಾರಾಯ್ರೆ."

ಸ್ಕೂಟರು ಹೊರಗೆ ತೆಗೆದಿದ್ದೇನೆ. ಹಿಂದಿನ ಸೀಟು ಖಾಲಿ. ಅಲ್ಲಿ ಹೋಗಿ ಏನು ಹೇಳಬೇಕೆಂದು ನನಗೆ ಗೊತ್ತಿಲ್ಲ.